ಮೂಗಿಲ್ಲದ ಗರಗಸ ಮೀನು, ಮತ್ತೆ ನನ್ನ ಬಾಯಿ

ಮೊನ್ನೆ ಟ್ಯಾಬ್‌ನಲ್ಲಿ ಹಳೆ ಎಂಟ್ರಿ ಹುಡುಕ್ತಾ ಇದ್ದಾಗ ಮತ್ತೆ ಕಣ್ಣಿಗೆ ಬಿತ್ತು: "ಗಿಟಾರ್ ಫಿಶ್, ಇತರೆ, 1". ಆ ಒಂದು ಸಾಲು ಸುಳ್ಳು. ನಂಗೆ ಗೊತ್ತುಂಟು, ಆಫೀಸಿಗೂ ಗೊತ್ತುಂಟು. ಆದ್ರೆ ಒಮ್ಮೆ ಸಿಂಕ್ ಆದ್ಮೇಲೆ ಎಡಿಟ್ ಮಾಡ್ಲಿಕ್ಕೆ ಆಗುದಿಲ್ಲ, ಆ್ಯಪ್ ಮಾಡಿದ ಪುಣ್ಯಾತ್ಮರು ಹಾಗೇ ಮಾಡಿಟ್ಟಿದ್ದಾರೆ. ಹಾಗಾಗಿ ಆ ದಿನ ಮಲ್ಪೆ ಬಂದರಿಗೆ ಗರಗಸದ ಹಾಗೆ ಉದ್ದ ಮೂಗಿರುವ ಗರಗಸ ಮೀನು ಬರ್ಲೇ ಇಲ್ಲ, ಲೆಕ್ಕದಲ್ಲಿ.

ನನ್ನ ಕೆಲಸ ಲ್ಯಾಂಡಿಂಗ್ ಸರ್ವೇ, ಅಂದ್ರೆ ಬಂದರಲ್ಲಿ ಇಳಿಯುವ ಮೀನಿನ ಲೆಕ್ಕ ಬರೆಯುದು. ಬೆಳಿಗ್ಗೆ ಐದೂವರೆಗೆ ಬಂದರಲ್ಲಿ ನಿಂತು ಬೋಟ್ ಲೆಕ್ಕ, ಸ್ಯಾಂಪಲ್, ಅಳತೆ, ರೇಸಿಂಗ್ (ಸ್ಯಾಂಪಲಿಂದ ಒಟ್ಟು ಲೆಕ್ಕಕ್ಕೆ ಏರಿಸುದು), ಎಂಟು ಗಂಟೆ ಒಳಗೆ ಅಪ್ಲೋಡ್. ಎಂಟು ದಾಟಿದ್ರೆ ಗ್ರೂಪಲ್ಲಿ ಹೆಸರು ಬರ್ತದೆ, ಕೆಂಪು ಬಣ್ಣದಲ್ಲಿ.

ಆ ದಿನ ಮಾರ್ಚ್ ತಿಂಗಳು, ಹಲವು ದಿನ ಸಮುದ್ರದಲ್ಲೇ ಇದ್ದು ಬರುವ ಮಲ್ಟಿಡೇ ಟ್ರಾಲರ್ ಸಾಲಾಗಿ ನಿಂತಿತ್ತು. ಒಂದು ಬೋಟಿಂದ ಮದಿಮಾಳ್ ಮೀನಿನ ಬಾಕ್ಸ್ ಎಲ್ಲ ಇಳಿಸಿ ಆದ್ಮೇಲೆ ಬೋಟಿನ ಕೆಲಸದ ಕಲಾಸಿಗಳು ನಾಲ್ಕು ಜನ ಸೇರಿ ಒಂದು ಉದ್ದದ್ದನ್ನ ಎಳೆದು ತಂದು ಹಾಕಿದ್ರು, ಅರ್ಧ ಟರ್ಪಾಲ್ ಮುಚ್ಚಿತ್ತು. ಮೇಲಿಂದ ನೋಡಿದೆ. ಚಪ್ಪಟೆ ತಲೆ, ಹಿಂದೆ ತಾಟೆ (ಶಾರ್ಕ್) ತರ ದೇಹ, ಬೆನ್ನಲ್ಲಿ ಎರಡು ರೆಕ್ಕೆ. ಮೂತಿ ಇರುವ ಕಡೆ ಐಸ್ ರಾಶಿ. ಗಿಟಾರ್ ಫಿಶ್ ಅಂದ್ಕೊಂಡೆ, ಟಿಕ್ ಮಾಡಿದೆ, ಮುಂದೆ ಹೋದೆ. ಇಪ್ಪತ್ತು ಸೆಕೆಂಡ್ ಆಗಿರ್ಬಹುದು. ಡ್ರಾಪ್‌ಡೌನ್‌ನಲ್ಲಿ ಗರಗಸ ಮೀನು ಅಂತ ಆಪ್ಷನ್ನೇ ಇಲ್ಲ ಅನ್ನುದು ಬೇರೆ ವಿಷಯ, ಇದ್ರೂ ನಾನು ಅದನ್ನ ಒತ್ತುತ್ತಿರ್ಲಿಲ್ಲ.

ಪಕ್ಕದಲ್ಲಿ ಬುಟ್ಟಿ ಇಟ್ಕೊಂಡು ಏಲಂಗೆ ಕಾಯ್ತಿದ್ದ ಅಕ್ಕ ನಕ್ರು. "ಎಂತ ಮೇಷ್ಟ್ರೆ, ಅದರ ಮೂಗು ನೋಡ್ಲಿಲ್ವಾ?"

ವಾಪಸ್ ಬಂದು ಕಾಲಲ್ಲಿ ಐಸ್ ಸರಿಸಿದೆ. ಮೂಗೇ ಇಲ್ಲ. ಕಣ್ಣಿನಿಂದ ಒಂದು ಗೇಣು ಮುಂದೆ ನೇರ ಕತ್ತರಿಸಿ ಹೋಗಿದೆ, ಅಂಗೈಗಿಂತ ಅಗಲ, ಬಿಳಿ ಗಟ್ಟಿ ಮೆದುಮೂಳೆ, ಅದರ ಮಧ್ಯ ಪೈಪ್ ಕೊಯ್ದ ಹಾಗೆ ತೂತುಗಳು. ಗಿಟಾರ್ ಫಿಶ್‌ನ ಮೂತಿ ಹೀಗೆ ಇರುದಿಲ್ಲ, ಅದು ಚೂಪಾಗ್ತಾ ಹೋಗಿ ತುದಿಯಲ್ಲಿ ತೆಳ್ಳಗಾಗ್ತದೆ. ಹೊಟ್ಟೆ ಕಡೆ ಮಗುಚಿ ನೋಡಿದೆ, ಕಿವಿರು ಸೀಳು ಅಡಿಯಲ್ಲಿ, ಅಂದ್ರೆ ತೊರಕೆ (ರೇ ಮೀನು) ಜಾತಿ, ತಾಟೆ ಅಲ್ಲ. ಗರಗಸ ಮೀನಿಗೆ ಜನ ಕಾರ್ಪೆಂಟರ್ ಶಾರ್ಕ್ ಅಂತಾರೆ, ಆದ್ರೆ ಅದು ಶಾರ್ಕ್ ಅಲ್ಲ. ಬೆನ್ನಿನ ಮೊದಲ ರೆಕ್ಕೆ ಸೊಂಟದ ರೆಕ್ಕೆಗಿಂತ ಮುಂದೆಯೇ ಶುರು ಆಗಿತ್ತು. ಅಲ್ಲಿಗೆ ಮುಗೀತು, ದೊಡ್ಡಹಲ್ಲಿನ ಗರಗಸ ಮೀನು, ಪ್ರಿಸ್ಟಿಸ್ ಪ್ರಿಸ್ಟಿಸ್. ಹಸಿರು ಗರಗಸ ಮೀನಿಗೆ ಆ ರೆಕ್ಕೆ ಸ್ವಲ್ಪ ಹಿಂದೆ, ಚೂರಿಹಲ್ಲಿನ ಗರಗಸ ಮೀನಿಗೆ ಇನ್ನೂ ಹಿಂದೆ. ಟ್ರೈನಿಂಗಲ್ಲಿ ಇದನ್ನೇ ನಾನು ಹೊಸಬರಿಗೆ ಬೋರ್ಡಲ್ಲಿ ಬರೆದು ಹೇಳಿಕೊಟ್ಟಿದ್ದೆ, ಅದೇ ದೊಡ್ಡ ನಾಚಿಕೆ.

ಮೂಗು ಬಿಟ್ಟು ಆರು ಅಡಿ ಹತ್ತಿರ. ಗರಗಸ ಅಂದ್ರೆ ಒಟ್ಟು ಉದ್ದದಲ್ಲಿ ನಾಲ್ಕನೇ ಒಂದು ಭಾಗ, ಸೇರಿಸಿದ್ರೆ ಎಂಟು ಅಡಿ. ಕೇಳ್ಲಿಕ್ಕೆ ದೊಡ್ಡದು, ಆದ್ರೆ ಇದು ಮರಿ ಹಾಕುವ ವಯಸ್ಸಿಗೆ ಬರ್ಲಿಕ್ಕೆ ಹತ್ತಡಿ ಹತ್ತಿರ ಬೆಳೀಬೇಕು. ಮೊಟ್ಟೆ ಇಡುದಿಲ್ಲ, ನೇರ ಮರಿ, ಒಂದು ಸಲಕ್ಕೆ ಹೆಚ್ಚು ಅಂದ್ರೆ ಹತ್ತು ಹದಿಮೂರು. ಹುಟ್ಟುವಾಗ ಅಮ್ಮನಿಗೆ ತಾಗಬಾರ್ದು ಅಂತ ಗರಗಸದ ಮೇಲೆ ಒಂದು ಪೊರೆ ಬೇರೆ ಇರ್ತದೆ. ಆಮೇಲೆ ಮೊದಲ ಕೆಲವು ವರ್ಷ ನದಿ, ಅಳಿವೆ ಕಡೆ ಬೆಳೆದು ಸಮುದ್ರಕ್ಕೆ ಇಳಿಯುದು. ಇಷ್ಟೆಲ್ಲ ಮಾಡಿ ಬಂದದ್ದು ಟ್ರಾಲ್ ಬಲೆಯಲ್ಲಿ ಸಿಕ್ಕಿ ಹಾಕ್ಕೊಂಡಿತ್ತು. ಅದು ಬೇಟೆ ಹುಡುಕುದು ಆ ಗರಗಸದಲ್ಲೇ, ಮರಳಲ್ಲಿ ಅಡಗಿದ ಮೀನಿನ ಸಣ್ಣ ಕರೆಂಟು ಕೂಡ ಅದಕ್ಕೆ ಗೊತ್ತಾಗ್ತದೆ, ಹೊಡೆದು ಬೀಳಿಸುದೂ ಅದರಲ್ಲೇ. ಬಲೆ ಅಂತ ಬಂದ್ರೆ ಅದೇ ಶತ್ರು, ಎರಡೂ ಬದಿ ಹಲ್ಲು, ಒಂದು ಹಲ್ಲು ಸಿಕ್ಕಿದ್ರೆ ಸಾಕು, ಒದ್ದಾಡಿದಷ್ಟೂ ಸುತ್ತಿಕೊಳ್ತದೆ. ಬಲೆ ಹರೀಲಿಕ್ಕೆ ಯಾರಿಗೂ ಮನಸಿಲ್ಲ, ಮೂಗು ಕತ್ತರಿಸುದು ಸುಲಭ.

ಈಗ ನನ್ನ ಬುದ್ಧಿವಂತಿಕೆ ಕೇಳಿ.

ಆಗ ಮಾಡ್ಬೇಕಾದ್ದು ಇಷ್ಟೇ: ಬಾಯಿ ಮುಚ್ಕೊಂಡು ಟೇಪ್ ತೆಗೆದು ಅಳತೆ, ಗಂಡೋ ಹೆಣ್ಣೋ ನೋಡುದು, ರೆಕ್ಕೆ ತುದಿಯಿಂದ ಒಂದು ತುಂಡು ಟಿಶ್ಯೂ, ಫೋಟೋ, ಬೋಟ್ ನಡೆಸುವ ತಾಂಡೇಲರ ಹತ್ರ ಎಷ್ಟು ಮಾರು ಆಳದ ನೀರಲ್ಲಿ ಸಿಕ್ಕಿದ್ದು ಅಂತ ಮೆಲ್ಲ ಕೇಳುದು. ಆಮೇಲೆ ಸಾಹೇಬ್ರಿಗೆ ಫೋನು, ಅಲ್ಲಿಂದ ಅರಣ್ಯ ಇಲಾಖೆಗೆ. ನಾನು ಎಂತ ಮಾಡಿದೆ? ಎದ್ದು ನಿಂತು, ಏಲಂ ಕೂಗುವವರಿಗಿಂತ ಜೋರಾಗಿ, "ಯಾರೂ ಮುಟ್ಬೇಡಿ, ಇದು ಶೆಡ್ಯೂಲ್ ಒನ್! ಮೂರು ವರ್ಷದಿಂದ ಏಳು ವರ್ಷ ಜೈಲು, ಕಮ್ಮಿ ಅಂದ್ರೂ 25,000 ದಂಡ ಬೇರೆ!" ಅಂತ ಹೇಳಿದೆ. ಹೇಳಿದ್ದು ಸುಳ್ಳಲ್ಲ. 2001ರ ಜುಲೈಯಲ್ಲಿ ಕೇಂದ್ರದವರು ಎಲ್ಲ ಶಾರ್ಕ್, ತೊರಕೆಗಳನ್ನೂ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ ಒನ್, ಅಂದ್ರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಗೆ ಸೇರಿಸಿ, ಮೀನುಗಾರರು ಗಲಾಟೆ ಮಾಡಿದ್ಮೇಲೆ ಅದೇ ಡಿಸೆಂಬರಲ್ಲಿ ಹತ್ತು ಜಾತಿಗೆ ಇಳಿಸಿದ್ರು, ಅದರಲ್ಲೂ ಗರಗಸ ಮೀನು ಉಳ್ಕೊಂಡಿತ್ತು, ಹುಲಿಗೆ ಎಷ್ಟು ರಕ್ಷಣೆಯೋ ಇದಕ್ಕೂ ಅಷ್ಟೇ. ಆದ್ರೆ ಸತ್ಯ ಹೇಳ್ಲಿಕ್ಕೂ ಒಂದು ಹೊತ್ತು ಅಂತ ಉಂಟಲ್ಲ ಮಾರಾಯ್ರೆ.

ಸುತ್ತ ಹದಿನೈದು ಜನ ಇದ್ದವರು ಒಮ್ಮೆಲೇ ತಣ್ಣಗಾದ್ರು. ಏಲಂ ನಿಂತಿತು. ತಾಂಡೇಲ ಬೋಟಿನ ಮೇಲಿಂದ ನನ್ನನ್ನೇ ನೋಡ್ತಾ ನಿಂತಿದ್ರು, ಕೈಯಲ್ಲಿದ್ದ ಚಹಾ ಕುಡೀಲಿಲ್ಲ. ನಾನು ನಾಲ್ಕು ಫೋಟೋ ಹೊಡೆದೆ, ಸ್ಕೇಲ್‌ಗೆ ಅಂತ ನನ್ನ ಚಪ್ಪಲಿ ಇಟ್ಟು. ಸಾಹೇಬ್ರಿಗೆ ಫೋನ್ ಮಾಡಿದೆ, ಕಟ್ ಮಾಡಿದ್ರು. ಮತ್ತೆ ಮಾಡಿದೆ, "ಮೀಟಿಂಗಲ್ಲಿದ್ದೇನೆ, ಫೋಟೋ ಕಳ್ಸಿ, ಮತ್ತೆ ನೋಡುವ" ಅಂದ್ರು. ಫೋಟೋ ಹೋಗುದಿಲ್ಲ, ತಿರುಗ್ತಾನೇ ಉಂಟು. ನೆಟ್‌ವರ್ಕ್ ಸಿಗ್ತದೆ ಅಂತ ಐಸ್ ಪ್ಲಾಂಟ್ ಕಡೆ ನಡೆದೆ. ಇದು ಎರಡನೇ ತಪ್ಪು. ಏಳೆಂಟು ನಿಮಿಷ ಆಗಿರ್ಬೇಕು, ಎರಡು ಫೋಟೋ ಹೋಯ್ತು, ವಾಪಸ್ ಬಂದು ನೋಡಿದ್ರೆ ಟರ್ಪಾಲ್ ಮಾತ್ರ ಉಂಟು, ಅದೂ ಮಡಚಿ ಇಟ್ಟಿದ್ದಾರೆ. ನೆಲಕ್ಕೆ ನೀರು ಹೊಯ್ದು ತೊಳೆದಾಗಿದೆ.

"ಎಲ್ಲಿ?" ಅಂತ ಕೇಳಿದೆ.

"ಎಂತದ್ದು ಎಲ್ಲಿ?" ಅಂದ ಒಬ್ಬ ಹುಡುಗ, ಪಾಂಬೊಳು ಮೀನಿನ ಬಾಕ್ಸ್ ಎತ್ತುತ್ತಾ.

ಟ್ಯಾಬ್ ನೋಡಿದ್ರೆ ಆಟೋ ಸಿಂಕ್ ಆಗಿ ಹೋಗಿತ್ತು. ಗಿಟಾರ್ ಫಿಶ್, ಇತರೆ, 1. ಫೋಟೋ ಕಳಿಸ್ಲಿಕ್ಕೆ ಇಲ್ಲದ ನೆಟ್‌ವರ್ಕ್ ಇದಕ್ಕೆ ಎಲ್ಲಿಂದ ಸಿಕ್ಕಿತೋ. ಫಾರೆಸ್ಟ್‌ನವರು ಬಂದ್ರು, ಒದ್ದೆ ನೆಲ ನೋಡಿದ್ರು, ನನ್ನ ಸ್ಟೇಟ್‌ಮೆಂಟ್ ತಗೊಂಡು ಹೋದ್ರು. ಆಫೀಸಿಂದ ನಂಗೆ ಮೆಮೋ, ಸ್ಪೀಶೀಸ್ ತಪ್ಪು ಬರೆದದ್ದಕ್ಕೆ.

ಅದಾದ್ಮೇಲೆ ಮೂರು ತಿಂಗಳು, ಜೂನಲ್ಲಿ ಟ್ರಾಲಿಂಗ್ ಬಂದ್ ಆಗುವವರೆಗೂ, ನಾನು ಹತ್ರ ಹೋದ್ರೆ "ಫಾರೆಸ್ಟ್ ಬಂತು" ಅಂತ ಸಣ್ಣ ಸ್ವರದಲ್ಲಿ ಹೇಳುದು, ಬಾಕ್ಸಿನ ಮುಚ್ಚಳ ಮುಚ್ಚುದು. ತೊರಕೆ ಅಳತೆ ತಗೊಳ್ಲಿಕ್ಕೂ ಬಿಡ್ತಿರ್ಲಿಲ್ಲ. 2021ರ ಮಾರ್ಚಲ್ಲಿ ಇದೇ ಮಲ್ಪೆಗೆ ದೊಡ್ಡ ಗರಗಸ ಮೀನು ಬಂದಾಗ ಎಲ್ಲರ ವಾಟ್ಸಾಪಲ್ಲೂ ವಿಡಿಯೋ ಓಡಿತ್ತು, ಜನ ಖುಷಿಯಿಂದ ತೋರಿಸಿದ್ರು. ಈಗ ತೋರಿಸುದಿಲ್ಲ. ಮೀನು ಬಲೆಗೆ ಬೀಳುದು ನಿಂತದ್ದಲ್ಲ ಅಂತ ನನ್ನ ಅಂದಾಜು, ತೋರಿಸುದು ನಿಂತದ್ದು. ಮಹಾರಾಷ್ಟ್ರದಲ್ಲಿ ಬಲೆ ಹರಿದು ಇಂಥ ಮೀನು ಬಿಟ್ರೆ 25,000 ರೂಪಾಯಿವರೆಗೆ ಪರಿಹಾರ ಕೊಡುವ ಸ್ಕೀಮ್ 2018ರಲ್ಲೇ ತಂದ್ರು. ನಾನು ಜೈಲಿನ ಲೆಕ್ಕ ಬಾಯಿಪಾಠ ಮಾಡಿದ್ದೆ, ಈ ಲೆಕ್ಕ ಒಬ್ಬ ತಾಂಡೇಲರಿಗೂ ಹೇಳಿರ್ಲಿಲ್ಲ.

ಮಳೆಗಾಲದಲ್ಲಿ ಬೋಟ್ ಎಲ್ಲ ಮೇಲೆ ಎಳೆದಿದ್ದಾಗ ಅದೇ ತಾಂಡೇಲರು ದಾರಿಯಲ್ಲಿ ಸಿಕ್ಕಿ ಮನೆಗೆ ಕರೆದ್ರು. ಯಾಕೆ ಕರೆದ್ರೋ, ಹೆದರಿಕೆಯಲ್ಲೇ ಹೋದೆ. ಚಾವಡಿಯಲ್ಲಿ ಕೂತು ತಲೆ ಎತ್ತಿದ್ರೆ ಗೋಡೆ ಮೇಲೆ ಗರಗಸ. ಹಳೇದು, ಹೊಗೆ ಹಿಡಿದು ಕಪ್ಪಾಗಿತ್ತು, ಅವರ ಅಪ್ಪನ ಕಾಲದ್ದಂತೆ. ನಾನು ಎಂತದ್ದೂ ಮಾತಾಡ್ಲಿಲ್ಲ. ಚಹಾ ಕುಡೀತಾ ಕಣ್ಣಲ್ಲೇ ಹಲ್ಲು ಲೆಕ್ಕ ಹಾಕಿದೆ, ಒಂದು ಬದಿ 18, ಇನ್ನೊಂದು ಬದಿ 19, ಇದೂ ಅದೇ ಜಾತಿ.

"ಮೇಷ್ಟ್ರೆ, ಇದಕ್ಕೆ ಎಷ್ಟು ವರ್ಷ?"

ಚಹಾ ನೆತ್ತಿಗೆ ಹತ್ತಿತು. "ಇಲ್ಲ, ಹಳೇದಲ್ವಾ, ಅದು, ಕೇಸ್ ಅಂತ..."

"ಜೈಲು ಅಲ್ಲ ಮಾರಾಯ್ರೆ, ಮೀನಿಗೆ! ಮೀನಿಗೆ ಎಷ್ಟು ವರ್ಷ ಆಗಿರ್ಬಹುದು?"

ಗರಗಸ ನೋಡಿ ವಯಸ್ಸು ಹೇಳ್ಲಿಕ್ಕೆ ಬರುದಿಲ್ಲ, ಬೆನ್ನುಮೂಳೆಯ ಬಿಲ್ಲೆ ಬೇಕು, ಅದರಲ್ಲಿ ಮರಕ್ಕೆ ಇದ್ದ ಹಾಗೆ ಉಂಗುರ ಇರ್ತದೆ ಅಂತ ಹೇಳಿದೆ.

ಅವರು ಸ್ವಲ್ಪ ಹೊತ್ತು ಗೋಡೆ ನೋಡಿದ್ರು. "ಬೆನ್ನುಮೂಳೆ ಅವತ್ತು ಇತ್ತು. ನೀವೇ ಬೊಬ್ಬೆ ಹೊಡೆದು ಓಡಿಸಿದ್ದಲ್ವಾ?"