ಟಾರ್ಚ್ ಮತ್ತು ಲ್ಯೂಮೆನ್ ಗದ್ದಲ

ಚಾರಣಕ್ಕೆ ಒಂದು ಚಿಕ್ಕ, ಗಟ್ಟಿಮುಟ್ಟಾದ ಟಾರ್ಚ್ ಹುಡುಕುತ್ತಿದ್ದೇನೆ. ಎಲ್ಲ ಡಬ್ಬಗಳ ಮೇಲೂ ಲ್ಯೂಮೆನ್ ಸಂಖ್ಯೆಯದ್ದೇ ಅಬ್ಬರ. ಅದು ಹೊರಬರುವ ಒಟ್ಟು ಬೆಳಕಿನ ಲೆಕ್ಕ ಅಷ್ಟೇ. ಬೆಳಕು ಎಷ್ಟು ದೂರ ಹೋಗುತ್ತದೆ ಅನ್ನೋದನ್ನು ಹೇಳುವುದು ಕ್ಯಾಂಡೆಲಾ. ಕಾಲುದಾರಿಗೆ ಹರಡಿದ ಬೆಳಕೇ ವಾಸಿ. ದೂರದ ಬಂಡೆ ನೋಡಬೇಕಾದರೆ ಮಾತ್ರ ಚೂಪು ಕಿರಣ ಬೇಕು.

ಇನ್ನು ಟರ್ಬೋ ಮೋಡ್, ಅಂದರೆ ಅತಿ ಹೆಚ್ಚು ಬೆಳಕಿನ ಸೆಟ್ಟಿಂಗ್. ಅಂಗೈಯಲ್ಲಿ ಅಡಗುವ ಟಾರ್ಚ್ ಕೆಲವೇ ನಿಮಿಷಕ್ಕೆ ಬಿಸಿಯಾಗಿ, ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಅಷ್ಟು ಶಾಖವನ್ನು ಆ ಪುಟ್ಟ ಮೈ ಎಲ್ಲಿಗೆ ದಾಟಿಸಬೇಕು, ಹೇಳಿ? ಜೊತೆಗೆ, ಟಾರ್ಚ್‌ಗಳನ್ನು ಅಳೆಯುವ ಎಎನ್‌ಎಸ್‌ಐ ಎಫ್‌ಎಲ್1 ಮಾನದಂಡದ ರನ್‌ಟೈಮ್ ಅಂದರೆ ಬೆಳಕು ಶುರುವಿನ 10%ಗೆ ಇಳಿಯುವವರೆಗಿನ ಸಮಯ. ಪೂರ್ತಿ ಪ್ರಕಾಶ ಅಷ್ಟು ಹೊತ್ತು ಇರುತ್ತದೆ ಅಂತಲ್ಲ! ಹಾಗಾಗಿ ನಾನು ಮಧ್ಯಮ ಮೋಡ್‌ನ ಅಂಕಿಯನ್ನೇ ಜಾಸ್ತಿ ನಂಬುತ್ತೇನೆ.

ನೀರು, ಧೂಳು ಒಳಹೋಗದಂತೆ ಐಪಿ68 ದರ್ಜೆಯ ರಕ್ಷಣೆ, ಬದಲಾಯಿಸಬಹುದಾದ 18650 (ರೀಚಾರ್ಜ್ ಆಗುವ ಲಿಥಿಯಂ) ಬ್ಯಾಟರಿ, ಗ್ಲೌಸ್ ಹಾಕಿದ್ದರೂ ಒತ್ತಬಹುದಾದ ಹಿಂಬದಿ ಸ್ವಿಚ್. ಇಷ್ಟಿದ್ದರೆ ಸಾಕು. ಬ್ಯಾಗಿನೊಳಗೆ ತಾನಾಗಿ ಹೊತ್ತಿಕೊಂಡು ಬಟ್ಟೆ ಸುಡದಂತೆ ಸ್ವಿಚ್ ತಡೆಹಿಡಿಯುವ ಲಾಕ್‌ಔಟ್ ಬೇಕೇ ಬೇಕು. ಪೊಲೀಸ್-ಸೇನೆ ಶೈಲಿಯ ಟ್ಯಾಕ್ಟಿಕಲ್ ಮಾಡೆಲ್‌ಗಳ ಮೂತಿಗೆ ಹಲ್ಲುಹಲ್ಲಿನ ಉಂಗುರ ಬೇರೆ ಇರುತ್ತದೆ. ನನ್ನಂಥವರಿಗೆ ಅದು ಸುಮ್ನೆ ಜೇಬು ಹರಿಯೋಕೆ.