ಮಧ್ಯಾಹ್ನದ ಬೀಗ

ಇವತ್ತು ಮಧ್ಯಾಹ್ನ ಕೋಲಾರದ ಒಂದು ಪಾರ್ಕಿನಲ್ಲಿ, ಫೆಲೋಶಿಪ್ ಕೆಲಸಕ್ಕೆ ಅಂತ ಅನುಮತಿ ತಗೊಂಡು, ಯಾವ ಬೆಂಚಿಗೆ ಎಷ್ಟು ಹೊತ್ತು ನೆರಳು ಬೀಳುತ್ತದೆ ಅಂತ ಬರೆದುಕೊಳ್ಳುತ್ತಿದ್ದೆ. ಗೇಟಿನ ಹೊರಗೆ ಸೊಪ್ಪು ಮಾರುವ ಅಜ್ಜಿ. ಒದ್ದೆ ಗೋಣಿಚೀಲ ಸೊಪ್ಪಿನ ಮೇಲೆ, ತಮ್ಮ ತಲೆಗೆ ಬರೀ ಸೆರಗು.

"ಒಳಗೆ ಹೊಂಗೆ ಮರ ಇದೆಯಲ್ಲಜ್ಜಿ, ಬನ್ನಿ" ಅಂದೆ.

"ಬೀಗ ಹಾಕವ್ರಲ್ಲಮ್ಮ. ನಾಲ್ಕು ಗಂಟೆಗೆ ತೆಗೀತಾರೆ. ಅಷ್ಟೊತ್ತಿಗೆ ಬಿಸಿಲೇ ಇಳಿದಿರ್ತದೆ."

ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು, ಕೆರೆಗಳಿಗೇ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ, ಹಾಗಾಗಿ ನೀರು ಕುಡಿಯುವ ಲಾನ್ ಬೇಡ, ಹೊಂಗೆ ಬೇವು ಜಾಸ್ತಿ ಇರಲಿ ಅಂತೆಲ್ಲ ಪಾರ್ಕಿನ ಬಗೆಗಿನ ಫೆಲೋಶಿಪ್ ವರದಿಯ ಕರಡಿನಲ್ಲಿ ಬರೆದಿದ್ದೆ. ಗೇಟಿನ ಟೈಮಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಈಗ ಅದು ಮೊದಲ ಪುಟದಲ್ಲಿದೆ.