ಗಡ್ಡೆ ಎಲ್ಲಿ ಹೋಯಿತು?

"ಮೇಡಂ, ಗಡ್ಡೆ ಸಿಗುತ್ತಿಲ್ಲ" ಎಂದಳು ಪೆಥಾಲಜಿ ಕಲಿಯುವ ಪಿ.ಜಿ. ಹುಡುಗಿ, ಆಪರೇಷನ್ನಿನಲ್ಲಿ ತೆಗೆದ ಸ್ತನದ ಅಂಗಾಂಶವನ್ನು ಕೊಯ್ದು ನೋಡುವ ಗ್ರಾಸಿಂಗ್ ಮೇಜಿನಿಂದ. ಕಿಮೋಗೆ ಮುಂಚೆ ಸ್ಕ್ಯಾನಿನಲ್ಲಿ ಮೂರು ಸೆಂಟಿಮೀಟರ್ ಇದ್ದದ್ದು ಸಿಗುತ್ತಿಲ್ಲವೆಂದರೆ? ಸರಿಯಾಗಿ ಕೊಯ್ದಿಲ್ಲವೆಂದು ಗದರಿ, ನಾನೇ ಗ್ಲೌಸ್ ಹಾಕಿಕೊಂಡೆ. ಹೋಳುಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿದೆ, ಎಲ್ಲ ಮೆತ್ತಗೆ. ಕಿಮೋಗೆ ಮುಂಚೆಯೇ ಗಡ್ಡೆಯೊಳಗೆ ಗುರುತಿನ ಲೋಹದ ಕ್ಲಿಪ್ ಹಾಕಿಸಿದ್ದರೆ ಎಕ್ಸ್‌ರೇ ತೆಗೆದು ಜಾಗ ಹಿಡಿಯಬಹುದಿತ್ತು. ಖರ್ಚು ಉಳಿಸುವ ಪುಣ್ಯಾತ್ಮರಿಗೆ ಇದು ತಿಳಿಯುವುದಿಲ್ಲ. ಡಬ್ಬದ ಲೇಬಲ್ ಅದಲುಬದಲಾಯಿತೇ ಎಂದು ಬೆನ್ನು ಬೆವರಿತು. ಕೊನೆಗೆ ಒಂದು ಹೋಳಿನಲ್ಲಿ ಬೆಳ್ಳಗೆ ಬಿಗಿದ ಜಾಗ ಸಿಕ್ಕಿತು. ಅದನ್ನೂ ಸುತ್ತಲಿನದನ್ನೂ ಸ್ಲೈಡಿಗೆಂದು ಪೂರ್ತಿ ಮೇಣದ ಬ್ಲಾಕ್ ಮಾಡಿಸಿದೆವು.

ಸ್ಲೈಡಿನಲ್ಲಿ ಬರೀ ನಾರು, ಸತ್ತ ಕೋಶಗಳನ್ನು ತಿಂದು ತೆರವು ಮಾಡುವ ಮ್ಯಾಕ್ರೊಫೇಜುಗಳು. ಕ್ಯಾನ್ಸರ್ ಕೋಶ ಒಂದೂ ಇಲ್ಲ. ಕಂಕುಳಿನ ಲಿಂಫ್ ನೋಡ್‌ಗಳಲ್ಲೂ ಇಲ್ಲ. ಹುಡುಗಿ ಸರಿಯಾಗಿಯೇ ಕೊಯ್ದಿದ್ದಳು.

ಹಳೆಯ ಬಯಾಪ್ಸಿ ತೆಗೆಸಿದೆ. ಟ್ರಿಪಲ್ ನೆಗೆಟಿವ್, ಅಂದರೆ ಎರಡು ಹಾರ್ಮೋನ್ ಗ್ರಾಹಕಗಳೂ HER2 ಪ್ರೋಟೀನಿನ ಹೆಚ್ಚಳವೂ ಇಲ್ಲದ ಸ್ತನ ಕ್ಯಾನ್ಸರ್; ಗ್ರೇಡ್ 3, ಅತಿ ಉಗ್ರ ದರ್ಜೆ. ಕ್ಯಾನ್ಸರ್ ಕೋಶಗಳ ನಡುವಿನ ನಾರಿನ ಅಂಗಾಂಶದ, ಅಂದರೆ ಸ್ಟ್ರೋಮಾದ ತುಂಬ ಸಂತೆ ನೆರೆದಂತೆ ಲಿಂಫೋಸೈಟುಗಳು, ರೋಗನಿರೋಧಕ ಬಿಳಿ ರಕ್ತಕಣಗಳು! ವರದಿಯಲ್ಲಿ ಅವುಗಳ ಸುದ್ದಿಯೇ ಇಲ್ಲ, ಏಕೆಂದರೆ ಟೆಂಪ್ಲೇಟಿನಲ್ಲಿ ಅಂಕಣವಿಲ್ಲ.

ಕಿಮೋ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎಂದಷ್ಟೇ ನಾವು ಓದಿಕೊಂಡು ಬಂದವರು. ಆದರೆ ಕಿಮೋ ಔಷಧ ಡಾಕ್ಸೊರುಬಿಸಿನ್‌ಗೆ ಸಿಕ್ಕ ಕ್ಯಾನ್ಸರ್ ಕೋಶ ಸದ್ದಿಲ್ಲದೆ ಸಾಯುವುದಿಲ್ಲ. ಕ್ಯಾಲ್‌ರೆಟಿಕ್ಯುಲಿನ್ ಪ್ರೋಟೀನನ್ನು ಮೈಮೇಲೆ ತಂದುಕೊಂಡು, ಕೋಶದ ಶಕ್ತಿಯ ಅಣುವಾದ ಎಟಿಪಿ ಹೊರಚೆಲ್ಲಿ, ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರಾದ ಡೆಂಡ್ರಿಟಿಕ್ ಕೋಶಗಳನ್ನು ಕರೆಯುತ್ತದೆ. ಅವು ಟಿ ಕೋಶಗಳೆಂಬ ಲಿಂಫೋಸೈಟುಗಳಿಗೆ ಗುರಿ ತೋರಿಸುತ್ತವೆ. ಫ್ರಾನ್ಸಿನ ಸಂಶೋಧಕರು ಹೀಗೆ ಸತ್ತ ಕೋಶಗಳನ್ನು ಇಲಿಗಳಿಗೆ ಚುಚ್ಚಿ, ಆಮೇಲೆ ಅದೇ ಕ್ಯಾನ್ಸರಿನ ಜೀವಂತ ಕೋಶಗಳನ್ನು ಹಾಕಿದರೂ ಹೆಚ್ಚಿನವುಗಳಲ್ಲಿ ಗಡ್ಡೆ ಬೆಳೆಯಲಿಲ್ಲವೆಂದು 2005ರಲ್ಲಿ ಪ್ರಕಟಿಸಿದರು. ಟ್ರಿಪಲ್ ನೆಗೆಟಿವ್‌ನಲ್ಲಿ ಲಿಂಫೋಸೈಟ್ ಹೆಚ್ಚಿದ್ದಷ್ಟೂ ಕಿಮೋಗೆ ಗಡ್ಡೆ ಪೂರ್ತಿ ಕರಗುವ ಸಂಭವ ಹೆಚ್ಚು. 2020ರಲ್ಲಿ ಪ್ರಕಟವಾದ ಕೀನೋಟ್-522 ಪ್ರಯೋಗದ ಮೊದಲ ಫಲಿತಾಂಶದಲ್ಲಿ ಕಿಮೋ ಜೊತೆ, ಟಿ ಕೋಶಗಳಿಗಿರುವ ತಡೆ ತೆಗೆಯುವ ಪೆಂಬ್ರೊಲಿಝುಮ್ಯಾಬ್ ಕೊಟ್ಟಾಗ ಪೂರ್ಣ ಪ್ರತಿಕ್ರಿಯೆ, ಅಂದರೆ ಗಡ್ಡೆ ಪೂರ್ತಿ ಕರಗಿದವರ ಪ್ರಮಾಣ, ಶೇ. 51.2ರಿಂದ ಶೇ. 64.8ಕ್ಕೆ ಏರಿತ್ತು. ಆ ಔಷಧದ ಬೆಲೆ ಕೇಳಿ ಎದ್ದುಹೋಗುವವರೇ ನಮ್ಮಲ್ಲಿ ಹೆಚ್ಚು, ಅದು ಬೇರೆ ಮಾತು.

ಈಗ ಪಿ.ಜಿ.ಗಳಿಗೆ ಹೇಳುತ್ತೇನೆ: ಲಿಂಫೋಸೈಟುಗಳು ದಟ್ಟವಾದ ಜಾಗವೊಂದನ್ನೇ ಆರಿಸಿ ಎಣಿಸಬೇಡಿ, ಗಡ್ಡೆಯೊಳಗಿನ ಸ್ಟ್ರೋಮಾದ ಸರಾಸರಿ ಬರೆಯಿರಿ, ನೆಕ್ರೋಸಿಸ್, ಅಂದರೆ ಕೊಳೆತು ಸತ್ತ ಜಾಗ, ಬಿಡಿ. ಸಂಖ್ಯೆ ಕಡಿಮೆಯೆಂದು ಯಾರೂ ಕಿಮೋ ತಪ್ಪಿಸುವಂತಿಲ್ಲ, ಅದನ್ನೂ ವೈದ್ಯರೆಲ್ಲ ಕೂಡಿ ಚಿಕಿತ್ಸೆ ನಿರ್ಧರಿಸುವ ಟ್ಯೂಮರ್ ಬೋರ್ಡಿನಲ್ಲಿ ಹೇಳಿ.

ಅಂಕಣ ಸೇರಿಸಿ ಎಂದು ಸಾಫ್ಟ್‌ವೇರಿನವರನ್ನು ಕೇಳಿದರೆ "ಮುಂದಿನ ಆವೃತ್ತಿಯಲ್ಲಿ" ಎನ್ನುತ್ತಾರೆ. ಅಲ್ಲಿಯವರೆಗೆ ಷರಾದಲ್ಲೇ ಟೈಪ್ ಮಾಡುತ್ತೇನೆ. ಅದರಲ್ಲಿ ಪ್ರಿಂಟಾಗುವುದು ಮೊದಲ ಸಾಲು ಮಾತ್ರ. ಹಾಗಾಗಿ ಲಿಂಫೋಸೈಟಿನ ಶೇಕಡಾವಾರು ಮೊದಲ ಸಾಲಿನಲ್ಲೇ ಇರುತ್ತದೆ.